ಕ್ರಿಪ್ಟೋ ಮಾರಿದ್ದೀರಾ? ರಿಟರ್ನ್ಸ್ ಹಾಕುವ ಮುಂಚೆ ಇದನ್ನು ನೋಡಿ

ಶೇರು ಮಾರಾಟದ ಲೆಕ್ಕವನ್ನೇ ಬಿಟ್‌ಕಾಯಿನ್‌ಗೂ ಹಾಕಬೇಡಿ. ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ನೇರವಾಗಿ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಎಷ್ಟು ದಿನ ಇಟ್ಟುಕೊಂಡಿದ್ದಿರಿ ಅನ್ನೋದು ಲೆಕ್ಕಕ್ಕಿಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ.

ಜಾಸ್ತಿ ಜನ ಎಡವೋದು ನಷ್ಟದ ವಿಷಯದಲ್ಲಿ. ಬಿಟ್‌ಕಾಯಿನ್‌ನಲ್ಲಿ 40,000 ರೂಪಾಯಿ ಲಾಭ, ಈಥರ್ ಅನ್ನೋ ಇನ್ನೊಂದು ಕಾಯಿನ್‌ನಲ್ಲಿ 30,000 ನಷ್ಟ ಅಂದುಕೊಳ್ಳಿ. ಕೈಗೆ ಉಳಿದದ್ದು 10,000. ಆದರೆ ತೆರಿಗೆ ಪೂರ್ತಿ 40,000ಕ್ಕೆ, ಸೆಸ್ ಸೇರಿ 12,480! ಆ ನಷ್ಟವನ್ನು ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ನನ್ನ ಪ್ರಕಾರ ಸಣ್ಣ ಹೂಡಿಕೆದಾರರಿಗೆ ಇದು ದೊಡ್ಡ ಅನ್ಯಾಯ, ಆದರೆ ಸದ್ಯದ ನಿಯಮ ಇದೇ.

ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೂ ಅದು ಮಾರಾಟವೇ. ರೂಪಾಯಿ ಖಾತೆಗೆ ಬರಲಿಲ್ಲವಲ್ಲ ಅಂತ ಸುಮ್ನೆ ಇರಬೇಡಿ.

ಮಾರುವಾಗ ಶೇ 1 ಟಿಡಿಎಸ್ (ಮುಂಚೆಯೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗುತ್ತೆ, ಅದೂ ಲಾಭದ ಮೇಲಲ್ಲ, ಮಾರಿದ ಮೊತ್ತದ ಮೇಲೆ. ಅದು ನಿಮ್ಮದೇ ದುಡ್ಡು ಅಲ್ವಾ? ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ, ಅಂದರೆ ಫಾರ್ಮ್ 26ಎಎಸ್‌ನಲ್ಲಿ ಬಂದಿದೆಯಾ ನೋಡಿ, ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆಯಿರಿ. ಪ್ರತಿ ವಹಿವಾಟಿನ ವಿವರವನ್ನು ರಿಟರ್ನ್ಸ್ ಫಾರ್ಮ್‌ನಲ್ಲಿ ಕ್ರಿಪ್ಟೋಗೆಂದೇ ಇರುವ ಶೆಡ್ಯೂಲ್ ವಿಡಿಎ ಭಾಗದಲ್ಲಿ ತುಂಬಬೇಕು. ಅದಕ್ಕೆ ನೀವು ಕ್ರಿಪ್ಟೋ ಕೊಂಡು ಮಾರಿದ ಎಕ್ಸ್‌ಚೇಂಜ್‌ನಿಂದ ವರ್ಷದ ಸ್ಟೇಟ್‌ಮೆಂಟ್ ಈಗಲೇ ಇಳಿಸಿಟ್ಟುಕೊಳ್ಳಿ.