ಮಸೀದಿಯ ಹಾಲ್‌ನಲ್ಲಿ ಕೋವಿಡ್ ಲಸಿಕೆ: ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನ ಅನುಭವ

"ಮಸೀದಿಯಲ್ಲಿ ಲಸಿಕೆನಾ? ಯಾರ್ರೀ ಬರ್ತಾರೆ?" 2021ರ ಜನವರಿಯಲ್ಲಿ ಹೀಗೆ ನಕ್ಕವರೇ ಮಾರ್ಚ್ ಹೊತ್ತಿಗೆ ಫೋನ್ ಮಾಡಿ ನಮ್ಮ ರೋಟಾ (ಪಾಳಿ ಪಟ್ಟಿ) ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಇಲ್ಲಿ, ಇಂಗ್ಲೆಂಡಿನಲ್ಲಿ, ಜಿಪಿ ಕೆಲಸ, ಅಂದರೆ ಕುಟುಂಬ ವೈದ್ಯ. ನಮ್ಮ ರೋಗಿಗಳಲ್ಲಿ ಪಾಕಿಸ್ತಾನಿ, ಬಾಂಗ್ಲಾದೇಶಿ, ಕೆರಿಬಿಯನ್ ಮೂಲದವರೇ ಜಾಸ್ತಿ. ಟ್ಯಾಕ್ಸಿ, ಬಸ್ಸು, ಕೇರ್ ಹೋಮ್ ದುಡಿಮೆ, ಒಂದೇ ಮನೆಯಲ್ಲಿ ಮೂರು ತಲೆಮಾರು. ಕಪ್ಪು ಜನರಿಗೆ ಕೋವಿಡ್ ಸಾವಿನ ಅಪಾಯ ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು 2020ರ ಮೇನಲ್ಲಿ ಇಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಓಎನ್‌ಎಸ್ ಹೇಳಿತು. ಬಡತನ, ಮನೆಯ ಸ್ಥಿತಿ ಎಲ್ಲ ಲೆಕ್ಕ ಹಾಕಿ ತೆಗೆದರೂ ಸುಮಾರು ಎರಡು ಪಟ್ಟು ಉಳಿಯಿತು. ಲಸಿಕೆ ಬಂದಾಗ ಹಿಂದೆ ಉಳಿದವರೂ ಇದೇ ಜನ.

ಮೊದಲು ಉರ್ದುವಿನಲ್ಲಿ ಕರಪತ್ರ ಹಾಕಿಸಿದೆವು. ಮುನ್ನೂರು ಪೌಂಡ್ ಹತ್ತಿರ ಹೋಯಿತು. ನಮ್ಮ ಅಜ್ಜಿಯರು ಆಡುವುದು ಮೀರ್‌ಪುರಿ (ಪಾಕಿಸ್ತಾನದ ಕಡೆಯ ಕಾಶ್ಮೀರದ ಆಡುಮಾತು), ಓದಲು ಯಾವುದೂ ಬಾರದು! ಆಮೇಲೆ ಎಸ್ಎಂಎಸ್. ಅರ್ಧಕ್ಕರ್ಧ ನಂಬರು ಮೊಮ್ಮಕ್ಕಳದ್ದು, ಲಿಂಕ್ ಒತ್ತಿದವರು ಬೆರಳೆಣಿಕೆ. ದೊಡ್ಡ ಕೇಂದ್ರಕ್ಕೆ ಹೋಗಬೇಕೆಂದರೆ ಎರಡು ಬಸ್ಸು, ಟ್ಯಾಕ್ಸಿಯವನಿಗೆ ಅರ್ಧ ದಿನದ ದುಡಿಮೆ ಖೋತಾ. ಇದಕ್ಕೆ "ಹಿಂಜರಿಕೆ" ಎಂದು ಹೆಸರಿಟ್ಟರು ಮೇಲಿನವರು. ಸಿಟ್ಟು ಬರುತ್ತಿತ್ತು.

ಬಾಲ್ಸಲ್ ಹೀತ್‌ನ ಅಲ್-ಅಬ್ಬಾಸ್ ಇಸ್ಲಾಮಿಕ್ ಸೆಂಟರ್ ಜನವರಿಯಲ್ಲೇ ಲಸಿಕೆ ಕೇಂದ್ರವಾಗಿತ್ತು, ಇಡೀ ದೇಶದಲ್ಲಿ ಮೊದಲ ಮಸೀದಿ. ಅದನ್ನೇ ತೋರಿಸಿ ನಮ್ಮ ಏರಿಯಾದ ಸಣ್ಣ ಮಸೀದಿಯ ಕಮಿಟಿಯನ್ನು ಕೇಳಿದೆವು. ಬಾಡಿಗೆ ಬೇಡ ಎಂದರು. ಹೀಟಿಂಗ್, ಕ್ಲೀನಿಂಗ್, ಊಟ ಸೇರಿ ದಿನಕ್ಕೆ ಇನ್ನೂರು ಪೌಂಡ್ ಮೀರಲಿಲ್ಲ. ಸರ್ಕಾರಿ ಆರೋಗ್ಯ ಸೇವೆಯಿಂದ (ಎನ್‌ಎಚ್‌ಎಸ್) ಡೋಸ್‌ಗೆ 12.58 ಪೌಂಡ್ ಬರುತ್ತಿತ್ತಲ್ಲ, ನೂರಿಪ್ಪತ್ತು ಜನ ಬಂದರೂ ನರ್ಸುಗಳ ಓವರ್‌ಟೈಮ್ ಕಳೆದು ಕೈ ಸುಡುತ್ತಿರಲಿಲ್ಲ. ಆದರೆ ದುಡ್ಡು ಕೈಗೆ ಬರಲು ತಿಂಗಳುಗಟ್ಟಲೆ. ಅಲ್ಲಿಯವರೆಗೆ ನಮ್ಮ ಕ್ಲಿನಿಕ್ಕಿನ ಪಾರ್ಟ್‌ನರ್‌ಗಳ ಮುಖ ನೋಡುವಂತಿರಲಿಲ್ಲ.

ಮುಂಚಿತ ಬುಕಿಂಗ್ ಬೇಡವೆಂದೆವು. ಗುರುತಿನ ಚೀಟಿ ಕೇಳಲಿಲ್ಲ. ಇಮಾಮ್ ಎಲ್ಲರೆದುರು ಅಂಗಿ ತೋಳು ಮಡಚಿ ಲಸಿಕೆ ಹಾಕಿಸಿಕೊಂಡರು. ಲಸಿಕೆಯಲ್ಲಿ ಹಂದಿ ಕೊಬ್ಬಿದೆ ಎಂಬ ಗಾಳಿಸುದ್ದಿಗೆ ನಾನು ಹತ್ತು ಸಲ ಉತ್ತರಿಸಿದ್ದಕ್ಕಿಂತ ಅವರ ಒಂದು ವಾಯ್ಸ್ ನೋಟ್ ಜಾಸ್ತಿ ಕೆಲಸ ಮಾಡಿತು. ಮೊದಲ ಶನಿವಾರ ಅರವತ್ತು ಜನ ಬಂದಿರಬೇಕು, ಮೂರನೆಯದಕ್ಕೆ ಇನ್ನೂರು ದಾಟಿತು. ಏಪ್ರಿಲ್‌ನಲ್ಲಿ ರಂಜಾನ್ ಬಂತು, ಇಫ್ತಾರ್ ಆದಮೇಲೆ ರಾತ್ರಿ ಕ್ಲಿನಿಕ್ ಇಟ್ಟೆವು. ಆದರೆ ಅದೇ ತಿಂಗಳು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ಅಪಾಯದಿಂದಾಗಿ, ಮೂವತ್ತರ ಒಳಗಿನವರಿಗೆ ಆಸ್ಟ್ರಾಜೆನೆಕಾ ಬದಲು ಬೇರೆ ಲಸಿಕೆ ಎಂಬ ಸಲಹೆ ಹೊರಬಿತ್ತು. ಮತ್ತೆ ಗುಸುಗುಸು, ಮತ್ತೆ ಖಾಲಿ ಕುರ್ಚಿ. ಎರಡು ವಾರ ಹಾಗೇ ಕಳೆಯಿತು.

ಆಸ್ಟ್ರಾಜೆನೆಕಾದ ಒಂದು ವಯಲ್ (ಲಸಿಕೆ ಸೀಸೆ) ತೆರೆದರೆ ಅದರ ಹತ್ತು ಡೋಸ್ ಆರು ಗಂಟೆಯೊಳಗೆ ಮುಗಿಯಬೇಕಿತ್ತು. ಸಂಜೆ ಉಳಿದದ್ದನ್ನು ನಾವು ಚೆಲ್ಲಿದ್ದು ಕಡಿಮೆ. ಹೇಗೆ ಎಂಬುದನ್ನು ಇಲ್ಲಿ ಬರೆಯಲ್ಲ, ಸಿಕ್ಕಾಗ ಕೇಳಿ.

ನಡುವೆ ಕೆರಿಬಿಯನ್ ಬಾರ್ಬರ್ ಶಾಪ್ ಒಂದರಲ್ಲೂ ಕುಳಿತೆವು. ಅಲ್ಲಿ ಲಸಿಕೆಗಿಂತ ಬಿಪಿ ಚೆಕ್ ಚೆನ್ನಾಗಿ ನಡೆಯಿತು. ಇನ್ನೊಂದು ಆಕ್ಸಿಮೀಟರ್ ವಿಷಯ, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಸಾಧನ. ಕಪ್ಪು ಚರ್ಮದಲ್ಲಿ ಅದು ಆಕ್ಸಿಜನ್ ಹೆಚ್ಚು ತೋರಿಸಿ ಮೋಸ ಮಾಡುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಯನ ಬಂದಿತ್ತು. ಆಮೇಲೆ ನಾವು ಬರೀ 94 ಎಂಬ ಗೆರೆ ನಂಬಲಿಲ್ಲ. ಆರಾಮಿದ್ದಾಗಿನ ರೀಡಿಂಗ್ ಚೀಟಿಯಲ್ಲಿ ಬರೆದುಕೊಟ್ಟು, ಅದರಿಂದ ಮೂರು ಇಳಿದರೆ ಫೋನ್ ಮಾಡಿ ಎಂದೆವು. ಸುಮ್ನೆ ಬಂದ ಕರೆಗಳೂ ಇದ್ದವು, ಇರಲಿ. ಆ ಚೀಟಿ ಪದ್ಧತಿ ನಮ್ಮಲ್ಲಿ ಈಗಲೂ ಇದೆ, ಸಿಓಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗಳಿಗೆ.