ಐದಡಿ ಏಳಂಗುಲದ ಸ್ಟಾಪರ್: ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಆರಡಿ ಇರಬೇಕು ಅನ್ನೋ ಮಾತು ಬೆಂಗಳೂರಿನ ಯಾವ ಗ್ರೌಂಡಿಗೆ ಹೋದರೂ ಕಿವಿಗೆ ಬೀಳುತ್ತದೆ. ನನ್ನ ಎತ್ತರ 5 ಅಡಿ 7 ಅಂಗುಲ. ಹೆಚ್ಚುಕಮ್ಮಿ ಹನ್ನೆರಡು ಸೀಸನ್ ದುಡ್ಡಿಗೆ ಆಡಿದ್ದೇನೆ. ಬಹುಪಾಲು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್, ನಡುವೆ ಒಂದೆರಡು ವರ್ಷ ರಾಷ್ಟ್ರಮಟ್ಟದ ಐ-ಲೀಗ್ ಸೆಕೆಂಡ್ ಡಿವಿಷನ್. ಮೊದಲು ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್ ಆಗಿದ್ದೆ. ಆಮೇಲೆ ಪೂರ್ತಿ ಸ್ಟಾಪರ್. ಮಾರ್ಕಿಂಗ್, ಕವರ್, ಲೈನ್ ಅಂತ ಸ್ಟಾಪರ್‌ಗೆ ಬೇರೆ ಕೆಲಸಗಳೂ ಇವೆ. ನಾನು ಬರೆಯೋದು ಮೇಲಿನಿಂದ ಬರುವ ಬಾಲ್ ಬಗ್ಗೆ ಮಾತ್ರ. ಎಲ್ಲರೂ ನನ್ನನ್ನು ಬೇಡ ಅಂದಿದ್ದು ಅದೊಂದೇ ಕಾರಣಕ್ಕೆ.

ನಮ್ಮ ಕೋಚ್ ಹತ್ತಿರ ಕ್ಯಾನವಾರೊ ಅನ್ನೋ ಸ್ಟಾಪರ್ ಹೆಸರು ಹೇಳಿ ನೋಡಿದ್ದೆ. 1.76 ಮೀಟರ್ ಎತ್ತರ, 2006ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದ ಕ್ಯಾಪ್ಟನ್, ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ. ನಮ್ಮ ಕೋಚ್ ಪೂರ್ತಿ ಕೇಳಿಸಿಕೊಂಡು, "ಸರಿ ಕಣಪ್ಪ, ಅವನು ಹಾರಿದಷ್ಟು ನೀನು ಹಾರ್ತೀಯಾ?" ಅಂದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಅದಕ್ಕೇ ಮೊದಲು ಹಾರೋದನ್ನೇ ಕಲಿಯಲು ಹೊರಟೆ. ಬಾಕ್ಸ್ ಜಂಪ್, ಕಾಲಿಗೆ ತೂಕ ಕಟ್ಟಿಕೊಂಡು ಸ್ಕಿಪ್ಪಿಂಗ್, ಸ್ಟೇಡಿಯಂ ಮೆಟ್ಟಿಲ ಮೇಲೆ ಒಂಟಿ ಕಾಲಿನ ಜಿಗಿತ. ಒಂದು ವರ್ಷದ ಹತ್ತಿರ ಮಾಡಿದೆ. ಗೋಡೆಗೆ ಸೀಮೆಸುಣ್ಣ ಹಚ್ಚಿ ಅಳೆದರೆ ಒಂದೂವರೆ ಅಂಗುಲ ಜಾಸ್ತಿ ಆಗಿತ್ತು. ಅದಕ್ಕೆ ಕೊಟ್ಟ ಬೆಲೆ ಮೊಣಕಾಲು. ಚಿಪ್ಪಿನ ಕೆಳಗೆ ನೋವು ಶುರುವಾಗಿ ಮೆಟ್ಟಿಲು ಇಳಿಯೋಕೂ ಆಗುತ್ತಿರಲಿಲ್ಲ. ಫಿಸಿಯೋ ಒಂದು ಸಲಕ್ಕೆ ಆರೇಳು ನೂರು, ಸ್ಕ್ಯಾನಿಂಗ್ ಬೇರೆ. ಎಲ್ಲ ಸೇರಿ ನಲವತ್ತು ಸಾವಿರ ದಾಟಿತು. ಆಗ ನನ್ನ ಕ್ಲಬ್ ಕೊಡುತ್ತಿದ್ದದ್ದು ತಿಂಗಳಿಗೆ ಹದಿನೆಂಟು ಸಾವಿರ. ಅದೂ ಕೊನೆಯ ಎರಡು ತಿಂಗಳದ್ದು ಇವತ್ತಿಗೂ ಬಂದಿಲ್ಲ.

ದುಡ್ಡಿಗಾಗಿಯೇ ಕೇರಳಕ್ಕೆ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಆಡಲು ಹೋಗಿದ್ದು. ಮಲಪ್ಪುರಂ ಕಡೆ ಆಡಿದವರಿಗೆ ಗೊತ್ತು. ಅಡಿಕೆ ಮರದ ಗ್ಯಾಲರಿ, ರಾತ್ರಿ ಲೈಟು, ಕಿವಿ ತೂತಾಗುವಷ್ಟು ಗಲಾಟೆ. ಪಂದ್ಯಕ್ಕೆ ಎರಡು ಎರಡೂವರೆ ಸಾವಿರ, ಊಟ, ಬಸ್ ಚಾರ್ಜು. ಫೆಡರೇಷನ್ ಮಾನ್ಯತೆ ಇಲ್ಲದ ಆಟ. ಗಾಯ ಆದರೆ ನಿನ್ನ ಹಣೆಬರಹ. ಕ್ಲಬ್ಬಿಗೆ ಗೊತ್ತಾದರೆ ಬೈಗುಳ. ಆದರೆ ನನ್ನ ಆಟ ಬದಲಾಗಿದ್ದು ಅಲ್ಲೇ.

ಅಲ್ಲಿ ಆಫ್‌ಸೈಡ್ ಇಲ್ಲ, ಡಿಫೆಂಡರ್‌ಗಳನ್ನು ದಾಟಿ ಮುಂಚೆಯೇ ಹೋಗಿ ನಿಂತರೂ ತಪ್ಪಲ್ಲ. ಫಾರ್ವರ್ಡ್ ನಿನ್ನ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಆಫ್ರಿಕಾದಿಂದ ಬಂದ ಹುಡುಗರು, ಆರಡಿಗೂ ಮೇಲೆ, ಮೈ ಕಲ್ಲು. ಮೊದಲ ಪಂದ್ಯದಲ್ಲೇ ನನ್ನ ತಲೆ ಮೇಲಿಂದ ಎರಡು ಗೋಲು ಹೊಡೆದರು. ನಮ್ಮ ತಂಡದಲ್ಲಿ ನಲವತ್ತು ಮೀರಿದ ಒಬ್ಬ ಕುಳ್ಳ ಬ್ಯಾಕ್ ಇದ್ದ. ಅವನು ಪಕ್ಕದಲ್ಲಿದ್ದರೆ ಯಾರಿಗೂ ಹೆಡ್, ಅಂದರೆ ತಲೆಯಿಂದ ಬಾಲ್ ಹೊಡೆಯೋದು, ಸಿಗುತ್ತಿರಲಿಲ್ಲ. ಅವನು ಹಾರುತ್ತಲೇ ಇರಲಿಲ್ಲ! ಭಾಷೆ ಬಾರದು, ಸುಮ್ನೆ ಕೂತು ನೋಡಿದೆ. ಎರಡು ಮೂರು ಪಂದ್ಯ ಅವನ ಸೊಂಟವನ್ನೇ ನೋಡಿದ್ದೇನೆ.

ವಿಷಯ ಇಷ್ಟು. ಎತ್ತರದವನು ಹಾರುವ ಮೊದಲು ಕೊನೆಯ ಹೆಜ್ಜೆ ಉದ್ದ ಹಾಕುತ್ತಾನೆ. ಮೊಣಕಾಲು ಬಾಗುತ್ತದೆ, ಎರಡೂ ತೋಳು ಹಿಂದಕ್ಕೆ ಹೋಗುತ್ತವೆ. ಆ ಹೊತ್ತಿಗೆ ನನ್ನ ಸೊಂಟ ಅವನ ತೊಡೆಯ ಮೇಲ್ಭಾಗಕ್ಕೆ ತಗುಲಿ ನಿಂತಿರಬೇಕು. ತಳ್ಳಬಾರದು. ನಿಂತಿರಬೇಕು ಅಷ್ಟೇ. ಅವನು ಉದ್ದ ಹೆಜ್ಜೆ ಹಾಕೋಕೆ ಜಾಗ ಇರಲ್ಲ. ನಿಂತಲ್ಲಿಂದಲೇ ಹಾರಬೇಕಾಗುತ್ತದೆ, ನಾಲ್ಕೈದು ಅಂಗುಲ ಅಲ್ಲೇ ಕಡಿಮೆ. ಆಮೇಲೆ ನಾನೂ ಹಾರುತ್ತೇನೆ, ಅವನಿಗಿಂತ ಚೂರು ಮೊದಲು, ಚಿಕ್ಕದಾಗಿ, ಕಣ್ಣು ಬಾಲ್ ಮೇಲೆ ಇಟ್ಟು. ಕೈ ಕೆಳಗೆ.

ಫೌಲ್ ಅಲ್ವಾ ಅಂತ ಕೇಳಿದವರಿಗೆ: ತಡವಾಗಿ ಹೋದರೆ ಫೌಲ್, ಮೊದಲೇ ಹೋಗಿ ನಿಂತರೆ ಅಲ್ಲ. ಆಟಗಾರ ತಾನು ನಿಂತ ಜಾಗಕ್ಕೆ ಹಕ್ಕುದಾರ, ದಾರಿಯಲ್ಲಿ ಇರೋದು ಬೇರೆ, ದಾರಿಗೆ ಅಡ್ಡ ಬರೋದು ಬೇರೆ ಅಂತ ಫುಟ್‌ಬಾಲ್‌ನ ಹನ್ನೆರಡನೇ ನಿಯಮದಲ್ಲೇ, ಫೌಲ್ ಬಗ್ಗೆ ಇರೋದರಲ್ಲೇ, ಇದೆ. ಇದನ್ನು ರೆಫ್ರಿ ಜೊತೆ ವಾದ ಮಾಡೋಕೆ ಮಾತ್ರ ಹೋಗಬೇಡಿ. ನನಗೆ ಹಳದಿ ಕಾರ್ಡ್ ಬಂದಿದೆ.

ಇನ್ನೊಂದು ಅರ್ಧ ಕೆಲಸ ನನ್ನ ಜೊತೆ ಆಡುವ ಇನ್ನೊಬ್ಬ ಸ್ಟಾಪರ್‌ದು. ಅವನಿಗೆ ಪಂದ್ಯಕ್ಕೆ ಮುಂಚೆಯೇ ಹೇಳುತ್ತೇನೆ: "ಅಣ್ಣ, ನಾನು ಹೆಡ್ ಗೆಲ್ಲಲ್ಲ. ಕೆಡಿಸ್ತೀನಿ. ನೀವು ಐದಾರು ಗಜ ಹಿಂದೆ ಇರಿ." ಮಿಡ್‌ಫೀಲ್ಡಿನ ಹಾಫ್ ಇಬ್ಬರೂ ನನ್ನ ಮುಂದೆ ಬೀಳುವ ಬಾಲಿಗೆ ರೆಡಿ ಇರಬೇಕು. ಒಂದು ಸೀಸನ್ ನನ್ನ ತಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಹತ್ತು ಬಾಲಿನಲ್ಲಿ ನಾನು ಗೆದ್ದದ್ದು ಎರಡೋ ಮೂರೋ. ಆದರೆ ಎದುರಿನವನು ಸರಿಯಾಗಿ ಹೆಡ್ ಮಾಡಿದ್ದೂ ಎರಡೇ. ಉಳಿದದ್ದೆಲ್ಲ ಕಿವಿಗೋ ಭುಜಕ್ಕೋ ತಗುಲಿ ಎಲ್ಲೆಲ್ಲೋ ಹೋಗಿತ್ತು. ಆ ವರ್ಷ ನಮ್ಮ ಮೇಲೆ ಹೆಡ್ಡರ್ ಗೋಲು ಆಗಿದ್ದು ಒಂದು, ಹೆಚ್ಚಂದ್ರೆ ಎರಡು. ಬೇಡ ಅಂದಿದ್ದ ಕೋಚೇ ಮುಂದಿನ ಸೀಸನ್‌ಗೆ ಫೋನ್ ಮಾಡಿದರು. ನಾನು ಐದು ಸಾವಿರ ಜಾಸ್ತಿ ಕೇಳಿದೆ. ಕೊಟ್ಟರು.

ಕಾರ್ನರ್ ಕಿಕ್‌ಗೆ ಬೇರೆ ಉಪಾಯ ಇದೆ. ಎದುರಿನವನ ಯಾವ ಕಾಲಿನ ಪಕ್ಕ ನಿಲ್ಲಬೇಕು, ಬಾಲ್ ಒದೆಯುವ ಮುಂಚೆ ಏನು ಮಾಡಬೇಕು ಅನ್ನೋದು. ಅದನ್ನು ಇಲ್ಲಿ ಬರೆಯಲ್ಲ, ನಾನಿನ್ನೂ ಆಡುತ್ತಿದ್ದೇನೆ.

ನಡುವೆ ಕಬಡ್ಡಿ ಆಡುವ ಗೆಳೆಯನ ಜೊತೆ ಒಂದು ಬೇಸಿಗೆ ಮ್ಯಾಟ್ ಮೇಲೆ ಬಿದ್ದಿದ್ದೆ. ಅವನು ಕಾರ್ನರ್ ಡಿಫೆಂಡರ್. ರೈಡರ್ ಕೈ ನೋಡಬೇಡ, ಸೊಂಟ ನೋಡು ಅಂದ. ಮೇಲಿನ ಬಾಲಿಗೆ ಅದರಿಂದ ಏನೂ ಆಗಲಿಲ್ಲ. ಆದರೆ ವಿಂಗರ್ ಒಬ್ಬನೇ ಎದುರು ಬಂದಾಗ ಕಾಲಿನ ಆಟಕ್ಕೆ ಮೋಸ ಹೋಗೋದು ನಿಂತುಹೋಯಿತು. ಬೋನಸ್ ಅಂದುಕೊಳ್ಳಿ. ಭಾರ ಜಾಕೆಟ್ ಹಾಕಿ ಓಡಿದ ಪ್ರಯೋಗ ಮಾತ್ರ ಬರೀ ಬೆನ್ನುನೋವು.

ಶೂ ವಿಷಯ. ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ ಉದ್ದ ಸ್ಟಡ್ (ಅಡಿಭಾಗದ ಗುಬುಟು) ಇರುವ ಶೂ ಹಾಕಬೇಡಿ. ಸೊಂಟ ಕೊಟ್ಟು ನಿಂತಾಗ ಪಾದ ತಿರುಗಲೇಬೇಕು, ಸ್ಟಡ್ ಕಚ್ಚಿಕೊಂಡರೆ ತಿರುಗೋದು ಮೊಣಕಾಲು. ಚಿಕ್ಕ ಸ್ಟಡ್ಡಿನ ಟರ್ಫ್ ಶೂ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ವರ್ಷಕ್ಕೆ ಎರಡು ಜೊತೆ ಹರಿಯುತ್ತವೆ. ಮಣ್ಣಿನ ಗ್ರೌಂಡಿಗೆ ಬೇರೆ ಜೊತೆ. ಇಷ್ಟಕ್ಕೆ ದುಡ್ಡು ಉಳಿಸೋಕೆ ಹೋಗಿ ಲಿಗಮೆಂಟ್ ಹರಿದುಕೊಂಡವರು ನನ್ನ ಜೊತೆಯವರಲ್ಲೇ ಮೂರು ಜನ.

2019ರಲ್ಲಿ ಗೋಲ್ ಕಿಕ್ ನಿಯಮ ಬದಲಾಯಿತು. ಗೋಲಿ ಒದ್ದ ಬಾಲ್ ಪೆನಾಲ್ಟಿ ಬಾಕ್ಸ್ ದಾಟುವ ತನಕ ಅವನ ತಂಡದವರು ಕಾಯಬೇಕಿಲ್ಲ, ಒಳಗೇ ತೆಗೆದುಕೊಳ್ಳಬಹುದು. ಇದರಿಂದ ನನ್ನಂಥವರಿಗೆ ಲಾಭ. ಗೋಲಿ ಎತ್ತಿ ಒದೆಯದೆ ಹತ್ತಿರದ ಸ್ಟಾಪರ್‌ಗೇ ಕೊಡಬಹುದಾದ್ದರಿಂದ ಕಾಲಿನಲ್ಲಿ ಆಡುವ ಸ್ಟಾಪರ್‌ಗೆ ಬೆಲೆ ಬಂತು. 2022ರಲ್ಲಿ ಸ್ಟಾಪರ್ ಲಿಸಾಂಡ್ರೊ ಮಾರ್ಟಿನೆಜ್ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಬಂದಾಗ ಇಂಗ್ಲೆಂಡಿನಲ್ಲೂ ಕುಳ್ಳ, ಆಗಲ್ಲ ಅಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿದ್ದ. ಆದರೂ ನಮ್ಮ ಲೀಗಿನಲ್ಲಿ ಹತ್ತಿರ ಯಾರಾದರೂ ಬಂದರೆ ಗೋಲಿ ಈಗಲೂ ಎತ್ತಿ ಒದೆಯುತ್ತಾನೆ. ಸೊಂಟದ ಕೆಲಸ ತಪ್ಪಲ್ಲ.

ಇದರಲ್ಲಿ ಮನೆ ಕಟ್ಟಿದಿರಾ ಅಂತ ಕೇಳಬೇಡಿ. ನಮ್ಮ ಹಿಂದಿನವರಿಗೆ ಎಚ್‌ಎಎಲ್, ಐಟಿಐ, ಬಿಇಎಂಎಲ್ ಅಂತ ಫುಟ್‌ಬಾಲ್ ಮೇಲೆ ಖಾಯಂ ಕೆಲಸ ಸಿಗುತ್ತಿತ್ತು. ನನ್ನ ಕಾಲಕ್ಕೆ ಸಿಕ್ಕಿದ್ದು ಒಂದೊಂದು ಸೀಸನ್ನಿನ ಕಾಂಟ್ರಾಕ್ಟ್. ಈಗ ಬೆಳಿಗ್ಗೆ ಅಕಾಡೆಮಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ, ಅದೇ ಸ್ಥಿರವಾದ ದುಡ್ಡು. ಅಲ್ಲಿ ಹದಿನಾಲ್ಕರ ಒಬ್ಬ ಗಿಡ್ಡ ಹುಡುಗ ಇದ್ದಾನೆ. ರೈಟ್ ಬ್ಯಾಕ್‌ಗೆ ಹಾಕಿ ಅಂತ ಅವನ ಅಪ್ಪ ದಿನಾ ಬಂದು ಹೇಳುತ್ತಾರೆ. ನಾನು ನಡುವೆಯೇ ಆಡಿಸುತ್ತಿದ್ದೇನೆ.