ಪುಸ್ತಕ ಕತ್ತರಿಸಿದ ಮೇಲೆ ಇಳಿದ ಬ್ಯಾಗ್

ಐದನೇ ಕ್ಲಾಸಿನ ಬ್ಯಾಗ್ 2ರಿಂದ 3 ಕೆಜಿ ಇರಬೇಕು ಅಂತ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿತು, 2023ರಲ್ಲಿ ಮತ್ತೊಮ್ಮೆ ನೆನಪಿಸಿತು. ಎರಡೂ ನಮ್ಮ ಸ್ಟಾಫ್ ರೂಮಿನ ಫೈಲಿನಲ್ಲಿ ಭದ್ರವಾಗಿವೆ. ಮಕ್ಕಳ ಬ್ಯಾಗ್ ಮಾತ್ರ ಐದೂವರೆ, ಆರು ಕೆಜಿ! ಕೊಕ್ಕೆ ತಕ್ಕಡಿ ತಂದು ನಾನೇ ತೂಗಿದ್ದು.

ಮೊದಲು ಎಲ್ಲರ ಹಾಗೆ ಕ್ಲಾಸಿನಲ್ಲೇ ಒಂದು ಬೀರು ಇಟ್ಟೆವು. ಹಳೇದು, ಸುಮಾರು ನಾಲ್ಕು ಸಾವಿರ. ನೋಟ್ಸ್ ಅಲ್ಲೇ ಇರಲಿ ಅಂದರೆ ಪೋಷಕರು ಗರಂ. "ಸಾರ್, ಪುಸ್ತಕ ಶಾಲೇಲಿದ್ರೆ ಟ್ಯೂಷನ್‌ನಲ್ಲಿ ಏನ್ ಓದಿಸ್ತಾರೆ?" ತೂಕದ ಅಸಲಿ ಕಾರಣ ಟ್ಯೂಷನ್. ಇದನ್ನು ಯಾವ ಸುತ್ತೋಲೆಯೂ ಹೇಳಲ್ಲ. ಕೆಲವರು ಟ್ರಾಲಿ ಬ್ಯಾಗ್ ಕೊಡಿಸಿದರು. ನಮ್ಮದು ಎರಡನೇ ಮಹಡಿ, ಅದೂ ಮುಗಿದ ಕಥೆ.

ಆಮೇಲೆ ಪುಸ್ತಕಾನ ಭಾಗ ಭಾಗವಾಗಿ ಕತ್ತರಿಸೋಣ, ಆಗ ಓದೋ ಭಾಗ ಮಾತ್ರ ಬ್ಯಾಗಲ್ಲಿ ಇರಲಿ ಅಂದೆ. ಸರ್ಕಾರಿ ಪುಸ್ತಕ ಈಚೆಗೆ ಎರಡು ಭಾಗದಲ್ಲಿ ಬರುತ್ತಿದೆ, ಸರಿ. ಖಾಸಗಿ ಪ್ರಕಾಶಕರ ಕಂಪ್ಯೂಟರ್, ಜಿಕೆ, ಗ್ರಾಮರ್ ಪುಸ್ತಕಗಳನ್ನು ಯಾರು ಕತ್ತರಿಸ್ತಾರೆ? "ಸರಸ್ವತೀನ ಕುಯ್ತೀರಾ ಮೇಷ್ಟ್ರೇ" ಅಂತ ಒಬ್ಬ ಅಜ್ಜಿ ಗೇಟಿನ ಹತ್ರವೇ ಜಗಳಕ್ಕೆ ನಿಂತರು. ನಮ್ಮ ಲೆಕ್ಕದ ಸರ್ ವಾರಗಟ್ಟಲೆ ನಕ್ಕರು.

ಕತ್ತರಿಸಿದ ಭಾಗಗಳಿಗೆ ಸ್ಟೇಪ್ಲರ್ ಹೊಡೆದಿದ್ದು ಹದಿನೈದು ದಿನಕ್ಕೇ ಕಿತ್ತು ಬಂತು. ಫೆವಿಕಾಲ್ ಹಾಕಿದ್ದು ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿ ಬೆನ್ನು ಬಿರಿಯಿತು. ಕೊನೆಗೆ ಮಂಡಿಪೇಟೆ ಕಡೆಯ ಒಬ್ಬ ಬೈಂಡರ್ ಅಣ್ಣನನ್ನು ಹಿಡಿದೆ. ಬದಿಯಲ್ಲಿ ಮೂರು ತೂತು, ದಾರದ ಹೊಲಿಗೆ, ಬೆನ್ನಿಗೆ ಬಟ್ಟೆ ಪಟ್ಟಿ, ಮೇಲೆ ಖಾಕಿ ರಟ್ಟು. ಅಂಟಿಗೆ ಮೈದಾ ಗಂಜಿ, ಅದಕ್ಕೆ ಚಿಟಿಕೆ ಮೈಲುತುತ್ತ, ಹುಳ ಮುಟ್ಟಲ್ಲ. ಒಂದು ಭಾಗಕ್ಕೆ ಹದಿನೈದು ರೂಪಾಯಿ. ಒಂದು ಮಗುವಿಗೆ ವರ್ಷಕ್ಕೆ ಇನ್ನೂರೈವತ್ತರ ಆಸುಪಾಸು. ಅರ್ಧ ಪೋಷಕರು ಕೊಟ್ಟರು, ಉಳಿದಿದ್ದು ಆಡಳಿತ ಮಂಡಳಿ ಹತ್ರ ಗೋಗರೆದೆ. ಒಂದು ಹಾಳೆಯ ಈ ಮಗ್ಗುಲಲ್ಲಿ ಒಂದು ಪಾಠ ಮುಗಿದು, ಆ ಮಗ್ಗುಲಲ್ಲಿ ಇನ್ನೊಂದು ಶುರುವಾಗುತ್ತೆ ಅಲ್ವಾ? ಅಲ್ಲಿ ಹೇಗೆ ಕತ್ತರಿಸೋದು ಅನ್ನೋಕೆ ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ನಡುವೆ ನೀರಿನ ಪ್ರಯೋಗ. ಲೀಟರ್ ನೀರು ಅಂದರೆ ಒಂದು ಕೆಜಿ, ಸ್ಟೀಲ್ ಬಾಟಲಿ ಬೇರೆ. ಖಾಲಿ ಬಾಟಲಿ ತನ್ನಿ, ಇಲ್ಲೇ ಫಿಲ್ಟರ್ ಇದೆ ಅಂದೆ. ತಾಯಂದಿರು ನಂಬಲಿಲ್ಲ. ಅರ್ಧ ಬಾಟಲಿಗೆ ಒಪ್ಪಿದರು, ಅಷ್ಟೇ ಗೆದ್ದಿದ್ದು.

ಈಗ ಬ್ಯಾಗ್ ಎರಡೂ ಮುಕ್ಕಾಲು ಕೆಜಿ ಸುತ್ತಮುತ್ತ ನಿಂತಿದೆ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಮಗುವಿನ ತೂಕದ ಹತ್ತನೇ ಒಂದು ಭಾಗ ಅನ್ನುತ್ತೆ. ಇಪ್ಪತ್ತೆಂಟು ಕೆಜಿ ಮಗುವಿಗೆ ಸರಿಯಾಗಿ ಹೊಂದುತ್ತೆ. ನಕ್ಕ ಲೆಕ್ಕದ ಸರ್ ಮೊನ್ನೆ ಏಳನೇ ಕ್ಲಾಸಿನ ಪುಸ್ತಕದ ಕಟ್ಟು ತಂದು ನನ್ನ ಟೇಬಲ್ ಮೇಲಿಟ್ಟರು. ಬೈಂಡರ್ ಅಣ್ಣ ಮಾತ್ರ ಈ ಸಲ ಹದಿನೆಂಟು ಕೇಳ್ತಿದ್ದಾನೆ. ಚೌಕಾಸಿ ನಡೀತಿದೆ.